ಐದು ನಿಮಿಷದ ದಾರಿ

ಕಲಬುರಗಿಯ ಸುತ್ತಮುತ್ತ ಎಲ್ಲಿಂದ ಎಲ್ಲಿಗೆ ಹೋದರೂ ಐದೇ ನಿಮಿಷ ಎಂದು ಯಾರಾದರೂ ನಂಬಿ ಕಾಲು ಸವೆಸಿಕೊಂಡಿದ್ದರೆ ಆ ಪಾಪ ನನ್ನದು. ಆ ಐದು ನಿಮಿಷವನ್ನು ಬರೆದವನು ನಾನು. ಶಹಾಬಜಾರದ ಒಂದು ಓಣಿಯಲ್ಲಿ, ಹಿಟ್ಟಿನ ಗಿರಣಿಯ ಮಗ್ಗುಲಿಗೆ, ಎರಡು ಕುರ್ಚಿ ಒಂದು ಮೇಜಿನ ಪ್ಲಾಟು ಮಾರುವ ಆಫೀಸಿನಲ್ಲಿ ನನ್ನ ವೃತ್ತಿಜೀವನ ಶುರುವಾಯಿತು. ಮಾಲೀಕರಿಗೆ ಮಾತು ಬರುತ್ತಿತ್ತು, ಬರವಣಿಗೆ ಬರುತ್ತಿರಲಿಲ್ಲ. ನನಗೆ ಬರವಣಿಗೆ ಬರುತ್ತಿತ್ತು, ಬೇರೇನೂ ಬರುತ್ತಿರಲಿಲ್ಲ. ಹೀಗಾಗಿ ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಉರ್ದು, ಎರಡರ ನಡುವೆ ಗಿಡಮರಗಳಿರುವ ಒಂದು ಚಿತ್ರ ಹಾಕುತ್ತಿದ್ದೆವು.

ಆಗ ಕುಸನೂರ ಇನ್ನೂ ಹಳ್ಳಿಯಾಗಿಯೇ ಇತ್ತು. ಅದರಾಚೆಯ ತೊಗರಿ ಹೊಲದಲ್ಲಿ ಸುಣ್ಣ ಬಳಿದ ಕಲ್ಲು ನೆಟ್ಟು ನಮ್ಮ ಮೊದಲ ಲೇಔಟ್ ಮಾಡಿದೆವು. ವಿಶ್ವವಿದ್ಯಾಲಯದ ಗೇಟಿನಿಂದ ಎಷ್ಟು ದೂರ ಎಂದು ಬರೆಯಬೇಕಿತ್ತು. ಮಾಲೀಕರು ಬೆಳಗಿನ ಜಾವ ತಮ್ಮ ಮೋಟಾರ್‌ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೋದರು. ಗಡಿಯಾರ ನೋಡಿದರೆ ಹನ್ನೊಂದು ನಿಮಿಷವಾಗಿತ್ತು.

“ಹನ್ನೊಂದು ಅಂತ ಬರೀಬ್ಯಾಡ,” ಎಂದರು ಮಾಲೀಕರು. “ನಡುವ ಎಮ್ಮಿ ಅಡ್ಡ ಬಂದಾವ, ಅವನ್ನ ಕಳಿ. ನೀ ಹಿಂದ ಕುಂತಿದ್ದಿ, ನಿನ್ನ ಭಾರ ಕಳಿ. ನಾಳೆ ಡಾಂಬರ ರಸ್ತಾ ಆಗತದ, ಅದನ್ನೂ ಕಳಿ.”

ಕಳೆದು ಕಳೆದು ಐದು ಉಳಿಯಿತು. ಅದನ್ನೂ ಕಳೆಯಬಹುದಿತ್ತು, ಆದರೆ ಹಾಗೆ ಮಾಡಿದರೆ ಪ್ಲಾಟು ವಿಶ್ವವಿದ್ಯಾಲಯದ ಒಳಗೇ ಬಂದುಬಿಡುತ್ತಿತ್ತು. ಐದಕ್ಕೆ ನಿಲ್ಲಿಸಿದೆವು. ಕರಪತ್ರ ಹಂಚಿದ ವಾರವೇ ಗಿರಾಕಿಗಳು ಬಂದರು, ಮತ್ತು ಆ ದಿನದಿಂದ ಐದು ನಮ್ಮ ಮನೆದೇವರಾಯಿತು. ರೈಲ್ವೆ ಸ್ಟೇಷನ್ನಿನಿಂದ ಐದು ನಿಮಿಷ. ರೋಜಾದ ದರ್ಗಾದಿಂದ ಐದು ನಿಮಿಷ. ಊರಿನ ಎರಡು ತುದಿಗಳಲ್ಲಿರುವ ಜಾಗಗಳಿಗೆ ಒಂದೇ ಪ್ಲಾಟಿನಿಂದ ಐದೈದು ನಿಮಿಷ ಎಂದು ಬರೆದದ್ದನ್ನು ನೋಡಿ ಒಬ್ಬ ಶಾಲಾ ಮಾಸ್ತರರು ಇದು ಹೇಗೆ ಸಾಧ್ಯ ಎಂದು ಕೇಳಿದರು. “ನೀವೇನು ಒಮ್ಮೆಲೆ ಎರಡೂ ಕಡಿ ಹೋಗತೀರೇನ್ರಿ?” ಎಂದು ಮಾಲೀಕರು ತಿರುಗಿ ಕೇಳಿದರು. ಮಾಸ್ತರರು ಸ್ವಲ್ಪ ಹೊತ್ತು ಯೋಚಿಸಿ, ಹೌದಲ್ಲ ಎಂದು ತಲೆಯಾಡಿಸಿ, ಅಂಚಿನ ಪ್ಲಾಟನ್ನೇ ಹಿಡಿದರು.

ನಮ್ಮ ಕೊನೆಯ ಲೇಔಟ್ ಕಮಲಾಪುರದಲ್ಲಿತ್ತು. ಹೆದ್ದಾರಿ ದಾಟಿ, ಕೆಂಬಾಳೆ ತೋಟಗಳನ್ನು ದಾಟಿ, ಒಂದು ಹಳ್ಳ ಇಳಿದು ಹತ್ತಿದರೆ ಸಿಗುವ ದಿಬ್ಬದ ಮೇಲೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ನಾನು ಶಹಾಬಜಾರದಲ್ಲೇ ಕೂತು, ಗಿರಣಿಯ ಹಿಟ್ಟಿನ ಧೂಳು ಒರೆಸಿಕೊಳ್ಳುತ್ತ, ‘ಕಮಲಾಪುರ ಬಸ್ ನಿಲ್ದಾಣದಿಂದ ಕೇವಲ ಐದು ನಿಮಿಷ’ ಎಂದು ಬರೆದೆ. ಆ ಜಾಗವನ್ನು ಕಣ್ಣಿನಿಂದ ನೋಡಿರಲಿಲ್ಲ. ಪ್ಲಾಟುಗಳಲ್ಲಿ ಒಂದಿಷ್ಟು ಹೋದವು, ಮನೆ ಯಾರೂ ಕಟ್ಟಲಿಲ್ಲ, ಬಳ್ಳಾರಿ ಜಾಲಿ ಮಾತ್ರ ಚೆನ್ನಾಗಿ ಬಂತು. ಸ್ವಲ್ಪ ದಿನಕ್ಕೆ ವ್ಯಾಪಾರ ತಣ್ಣಗಾಗಿ ಮಾಲೀಕರು ಆಫೀಸಿಗೆ ಬೀಗ ಹಾಕಿದರು.

ನಾನು ಕಂಪ್ಯೂಟರ್ ಕಲಿತೆ. ಮೂರು ತಿಂಗಳ ಕ್ಲಾಸು ಮುಗಿಸಿ, ಯಾವ ಬಡಾವಣೆ ಎಷ್ಟು ಒಳ್ಳೆಯದು ಎಂದು ಅಂಕ ಕೊಡುವ ಒಂದು ಕಂಪನಿಗೆ ಸೇರಿದೆ. ನಿನ್ನೆಯವರೆಗೆ ಪ್ಲಾಟಿನ ಏಜೆಂಟನಾಗಿದ್ದವನು ಡೇಟಾ ವಿಶ್ಲೇಷಕನಾದೆ. ನೆಂಟರಿಷ್ಟರು ಮದುವೆಮನೆಯಲ್ಲಿ ಎದ್ದು ಕುರ್ಚಿ ಕೊಡತೊಡಗಿದರು. ಅಲ್ಲಿನ ಕೆಲಸ ಇಷ್ಟೇ: ಪ್ರತಿ ಬಡಾವಣೆಗೂ ಬಸ್ಸು, ಶಾಲೆ, ಆಸ್ಪತ್ರೆ ಎಷ್ಟು ನಿಮಿಷದ ದಾರಿ ಎಂಬ ಅಂಕಿಗಳನ್ನು ಒಟ್ಟುಮಾಡಿ, ಕೂಡಿ, ಭಾಗಿಸಿ, ನೂರಕ್ಕೆ ಇಷ್ಟು ಎಂದು ಹೇಳುವುದು. ಆ ಅಂಕಿಗಳನ್ನು ಕಂಪನಿ ಮನೆ-ನಿವೇಶನ ಮಾರುವ ವೆಬ್‌ಸೈಟುಗಳಿಂದ ಕೊಂಡಿತ್ತು. ವೆಬ್‌ಸೈಟಿನವರು ಏಜೆಂಟರ ಹಳೆಯ ಕರಪತ್ರಗಳಿಂದ ಎತ್ತಿಕೊಂಡಿದ್ದರು. ಕರಪತ್ರ ಬರೆದವನು ಯಾರು ಎಂದು ಮತ್ತೆ ಹೇಳಬೇಕಾಗಿಲ್ಲ.

ಆದರೆ ನನ್ನ ಐದು ನನ್ನ ಹತ್ತಿರ ತಿರುಗಿ ಬಂದಾಗ ಅದಕ್ಕೆ ದಶಾಂಶ ಬಂದಿತ್ತು. ‘5.0’ ಎಂದು ಚೌಕದಲ್ಲಿ ಕೂತಿತ್ತು. ಹೊಸ ಬಟ್ಟೆ ಹಾಕಿಕೊಂಡ ಪಕ್ಕದ ಮನೆಯವನನ್ನು ಕಂಡಹಾಗೆ ನಾನು ಒಂದು ಕ್ಷಣ ನೋಡಿ ಮುಂದಕ್ಕೆ ಹೋದೆ. ಗೊತ್ತೇ ಆಗಲಿಲ್ಲವೇ ಎಂದು ಕೇಳಿದರೆ, ಮೊದಲ ದಿನ ಅನುಮಾನ ಬಂದಿತ್ತು, ನಿಜ. ಎರಡನೆಯ ದಿನ ಸಂಬಳ ಬಂತು. ನಮ್ಮ ಮ್ಯಾನೇಜರ್ ನನ್ನ ಪಟ್ಟಿಯನ್ನು ಎಲ್ಲರಿಗೂ ತೋರಿಸಿ, “ಡೇಟಾ ಅಂದ್ರ ಹಿಂಗ ಇರಬೇಕು ನೋಡ್ರಿ, ಒಂದಕ್ಕೊಂದು ಜಗಳ ಇಲ್ಲ” ಎಂದು ಹೊಗಳಿದರು. ನಾನು ನಾಚಿಕೊಂಡು ತಲೆ ತಗ್ಗಿಸಿದೆ.

ಈ ಕೀರ್ತಿಯ ಬಲದ ಮೇಲೆ ನನ್ನ ಮೂರನೆಯ ಕೆಲಸ ಸಿಕ್ಕಿತು. ಬಡಜನರ ದುಡಿಮೆಗೆ ಆಸರೆ ಕೊಡುವ, ಸಮುದಾಯದ ಆರ್ಥಿಕ ಅಭಿವೃದ್ಧಿ ಮಾಡುವ ಒಂದು ಸಂಸ್ಥೆ. ಎಲ್ಲಿ ಅಭಿವೃದ್ಧಿ ಮಾಡಬೇಕು ಎಂಬುದನ್ನು ಲೆಕ್ಕಾಚಾರದಿಂದಲೇ ತೀರ್ಮಾನಿಸುವ ಹಟ ಅವರದು, ಯಾಕೆಂದರೆ ಮನುಷ್ಯರನ್ನು ಕೇಳಿದರೆ ಪಕ್ಷಪಾತವಾಗುತ್ತದಂತೆ. ನಾನು ಹಳೆಯ ಪಟ್ಟಿಯನ್ನು ವರದಕ್ಷಿಣೆಯ ಹಾಗೆ ಜೊತೆಗೇ ತೆಗೆದುಕೊಂಡು ಹೋದೆ.

ನನ್ನ ಕೈಗೆ ಬಂದ ಮೊದಲ ಯೋಜನೆ ಕಮಲಾಪುರದ್ದು. ಅಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಮೂವತ್ತು ಹೆಂಗಸರ ಒಂದು ಗುಂಪಿತ್ತು. ಮನೆಯಲ್ಲಿ ಕನ್ನಡ ಮಾತಾಡುವವರೂ ಇದ್ದರು, ದಖನಿ ಉರ್ದು ಮಾತಾಡುವವರೂ ಇದ್ದರು, ರೊಟ್ಟಿ ಎಲ್ಲರದ್ದೂ ಒಂದೇ ಸಮ ಗುಂಡಗೆ ಇತ್ತು. ಬೆಳಗಿನ ಏಳರ ಬಸ್ಸಿಗೆ ರೊಟ್ಟಿಯ ಬುಟ್ಟಿಗಳನ್ನು ಹಾಕಿದರೆ ಅವು ಕಲಬುರಗಿಯ ಹೋಟೆಲ್ಲುಗಳಿಗೆ ಹೋಗುತ್ತಿದ್ದವು. ಅವರಿಗೆ ಸೂರು, ಗ್ಯಾಸಿನ ಒಲೆ, ಹಿಟ್ಟಿಡಲು ಕೋಣೆ ಇರುವ ಒಂದು ಶೆಡ್ಡು ಕೊಡಬೇಕೆಂದು ಸಂಸ್ಥೆ ತೀರ್ಮಾನಿಸಿತ್ತು.

ಆ ಗುಂಪಿನ ಮುಖ್ಯಸ್ಥೆಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ನಲವತ್ತು ದಾಟಿದ ಹೆಂಗಸು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ, ಬಾಗಿಲ ಮುಂದೆ ಕಟ್ಟಿಗೆ ಒಲೆ. ಮನೆಯ ಮಾಲೀಕ ಗೋಡೆಗೆ ಹೊಸ ಬಣ್ಣ ಹೊಡೆಸಿದ ಮೇಲೆ ಹೊಗೆ ಕೂಡದು ಎಂದುಬಿಟ್ಟಿದ್ದ. ಶೆಡ್ಡು ಬಂದರೆ ಆಕೆ ತನ್ನ ರೊಟ್ಟಿಗೆ ತಾನೇ ಒಡತಿ. ಬರದಿದ್ದರೆ ಕಲಬುರಗಿಗೆ ಹೋಗಿ ಯಾರದೋ ಅಡುಗೆಮನೆಯಲ್ಲಿ ಕೂಲಿಗೆ ರೊಟ್ಟಿ ಬಡಿಯಬೇಕು. “ಇಷ್ಟು ವರ್ಷ ಯಾರ ಮುಂದನೂ ಕೂಲಿಗಿ ತಲಿ ಬಗ್ಗಿಸಿಲ್ರಿ,” ಎಂದು ಮೊದಲ ಭೇಟಿಯಲ್ಲೇ ಹೇಳಿದ್ದಳು.

ಶೆಡ್ಡಿಗೆ ಎರಡು ಜಾಗಗಳು ಸ್ಪರ್ಧೆಯಲ್ಲಿದ್ದವು. ಒಂದು, ಸಂತೆ ಮೈದಾನದ ಪಕ್ಕದ ಖಾಲಿ ಗೋದಾಮು. ಬಸ್ ನಿಲ್ದಾಣದಲ್ಲಿ ನಿಂತು ಕೂಗಿದರೆ ಕೇಳಿಸುವಷ್ಟು ಹತ್ತಿರ. ಇನ್ನೊಂದು, ನಮ್ಮ ಹಳೆಯ ಲೇಔಟಿನಲ್ಲಿ ಸಾರ್ವಜನಿಕ ಬಳಕೆಗೆಂದು ಬಿಟ್ಟಿದ್ದ ಜಾಗ. ಕಂಪ್ಯೂಟರಿಗೆ ಎರಡನ್ನೂ ಕೊಟ್ಟೆ. ಲೇಔಟಿನ ಮುಂದೆ 5.0 ಇತ್ತು. ಗೋದಾಮಿನ ಮುಂದಿನ ಚೌಕ ಖಾಲಿ. ಅಷ್ಟು ಹತ್ತಿರದ ಜಾಗ ಹತ್ತಿರವಿದೆ ಎಂದು ಯಾರೂ ಯಾವತ್ತೂ ಕರಪತ್ರ ಹಾಕಿರಲಿಲ್ಲ. ಚೌಕ ಖಾಲಿ ಇದ್ದರೆ ಕಂಪ್ಯೂಟರು ಸೊನ್ನೆ ಅಂಕ ಕೊಡುತ್ತಿತ್ತು. ದಿಬ್ಬದ ಮೇಲಿನ ಜಾಲಿಕಂಟಿ ಭಾರಿ ಅಂತರದಿಂದ ಗೆದ್ದಿತು.

ನಿಯಮದ ಪ್ರಕಾರ ಜಾಗವನ್ನು ಖುದ್ದಾಗಿ ನೋಡಿ ಖಚಿತಪಡಿಸಬೇಕಿತ್ತು. ಅವತ್ತು ಬಿಸಿಲು ಜೋರಾಗಿತ್ತು. ನಾನು ಕಲಬುರಗಿಯಿಂದಲೇ ಅಕ್ಕನಿಗೆ ಫೋನ್ ಮಾಡಿದೆ. ಆ ಲೇಔಟ್ ನಿಮಗೆ ದೂರವಾಗುತ್ತದೆಯೇ ಎಂದು ಕೇಳಿದೆ.

“ಇಲ್ಲೇ ಅದರೀ ಸಾಹೇಬ್ರ,” ಎಂದಳು.

ನಮ್ಮ ಕಡೆ ಹುಟ್ಟಿ ಬೆಳೆದ ನನಗೆ ಆ ಮಾತಿನ ಅರ್ಥ ಗೊತ್ತಿರಬೇಕಿತ್ತು. ನಮ್ಮಲ್ಲಿ ದಾರಿ ಕೇಳಿದವನಿಗೆ ಯಾರೂ ದೂರ ಎನ್ನುವುದಿಲ್ಲ. ಮೂರು ಊರಿನಾಚೆ ಇದ್ದರೂ ‘ಇಲ್ಲೇ ಅದ’ ಎನ್ನುತ್ತಾರೆ, ಕೇಳಿದವನ ಉಮೇದು ಕೆಡಿಸಬಾರದೆಂದು. ನಾನೂ ಹಾಗೇ ಎನ್ನುತ್ತೇನೆ. ಆದರೂ ‘ಫಲಾನುಭವಿಗಳಿಂದ ಖಚಿತಪಡಿಸಲಾಗಿದೆ’ ಎಂದು ಬರೆದು ಕೆಳಗೆ ಸಹಿ ಹಾಕಿದೆ.

ಶೆಡ್ಡು ಎದ್ದಿತು. ಉದ್ಘಾಟನೆಗೆ ಗಣ್ಯರು ಬಂದರು. ಬಸ್ ನಿಲ್ದಾಣದಿಂದ ಅವರ ಕಾರಿಗೆ ಸರಿಯಾಗಿ ನಾಲ್ಕು ನಿಮಿಷ ಹಿಡಿಯಿತು. ನಮ್ಮ ನಿರ್ದೇಶಕರು ಗಡಿಯಾರ ನೋಡಿಕೊಂಡು, “ನಿಮ್ಮ ಮಾಡೆಲ್ ಒಂದು ನಿಮಿಷ ಜಾಸ್ತೀನೇ ಹೇಳಿತ್ತಲ್ರಿ” ಎಂದು ನನ್ನ ಬೆನ್ನು ತಟ್ಟಿದರು. ಹೆಂಗಸರನ್ನು ಎರಡು ಟ್ರ್ಯಾಕ್ಟರುಗಳಲ್ಲಿ ಕರೆತಂದಿದ್ದೆವು, ಫೋಟೊಕ್ಕೆ ಎಲ್ಲರೂ ಬೇಕಿತ್ತಲ್ಲ. ಅತಿಥಿಗಳಿಗೆ ಕೆಂಬಾಳೆಯ ಒಂದೊಂದು ಚಿಪ್ಪು ಕೊಟ್ಟೆವು. ಒಬ್ಬರು ಭಾಷಣದಲ್ಲಿ, ಅಭಿವೃದ್ಧಿ ಈಗ ಮಹಿಳೆಯರ ಮನೆಬಾಗಿಲಿಗೇ ಬಂದಿದೆ ಎಂದರು. ಅಕ್ಕ ಚಪ್ಪಾಳೆ ತಟ್ಟಿದಳು, ನಾನೂ ತಟ್ಟಿದೆ.

ಷರತ್ತು ಒಂದಿತ್ತು. ಮೂರು ತಿಂಗಳು ದಿನಾಲೂ ಕನಿಷ್ಠ ಇಪ್ಪತ್ತು ಜನ ಅಲ್ಲಿ ಕೆಲಸ ಮಾಡಬೇಕು. ಇಲ್ಲದಿದ್ದರೆ ಒಲೆಗಳು ಬೇರೆ ತಾಲೂಕಿಗೆ ಹೋಗುತ್ತವೆ. ಮೊದಲ ವಾರ ಇಪ್ಪತ್ತಾರು ಜನ ಬಂದರು. ಆಮೇಲೆ ಹದಿನೆಂಟು, ಆಮೇಲೆ ಹನ್ನೊಂದು. ನನ್ನ ಕಂಪ್ಯೂಟರಿನಲ್ಲಿ ಹಸಿರು ಗೆರೆ ಕೆಂಪಾಗಿ ಕೆಳಗಿಳಿಯತೊಡಗಿತು. ನಾನು ಕೂಲಂಕಷವಾಗಿ ವಿಶ್ಲೇಷಿಸಿ ‘ಪ್ರೇರಣೆಯ ಕೊರತೆ’ ಎಂದು ವರದಿ ಕೊಟ್ಟೆ. ಸಂಸ್ಥೆ ಕೂಡಲೇ ಪ್ರೇರಣಾ ಶಿಬಿರ ಏರ್ಪಡಿಸಿತು. ತರಬೇತುದಾರರು ಕಾರಿನಲ್ಲಿ ಬಂದು, ಯಶಸ್ಸಿನ ಮೆಟ್ಟಿಲುಗಳು ಎಂಬ ವಿಷಯದ ಮೇಲೆ ಎರಡು ತಾಸು ಮಾತಾಡಿದರು. ಕೇಳಲು ನಾಲ್ಕು ಜನ ಇದ್ದರು, ಅದರಲ್ಲಿ ಒಬ್ಬ ಅವರ ಡ್ರೈವರ್.

ಗೆರೆ ಒಂಬತ್ತಕ್ಕೆ ಇಳಿದಾಗ ನಿರ್ದೇಶಕರು ನನ್ನನ್ನು ಹೋಗಿ ನೋಡಿ ಬನ್ನಿ ಎಂದು ಕಳಿಸಿದರು. ಸಂಸ್ಥೆಯ ಜೀಪು ಬೇರೆ ಕಡೆ ಹೋಗಿತ್ತು. ಹಿಂದಿನ ಸಂಜೆಯೇ ಬಸ್ಸಿನಲ್ಲಿ ಹೋಗಿ, ಕಮಲಾಪುರದಲ್ಲಿ ಪರಿಚಯದವರ ಮನೆಯಲ್ಲಿ ಉಳಿದು, ಬೆಳಗಿನ ನಾಲ್ಕೂವರೆಗೆ ಬಸ್ ನಿಲ್ದಾಣದ ಹತ್ತಿರ ನಿಂತೆ. ಅಕ್ಕ ತಲೆಯ ಮೇಲೆ ಹಿಟ್ಟಿನ ಗಂಟು ಹೊತ್ತು ಬಂದಳು. ಜೊತೆಗೆ ಗುಂಪಿನ ಇನ್ನೊಬ್ಬ ಹೆಂಗಸು, ದಖನಿಯವಳು, ಬಗಲಲ್ಲಿ ಹಿಟ್ಟಿನ ಡಬ್ಬಿ. ನಾನೂ ಹಿಂದೆ ನಡೆದೆ.

ಹೆದ್ದಾರಿ ದಾಟಲು ಲಾರಿಗಳಿಗೆ ಕಾಯ್ದೆವು. ತೋಟಗಳ ಬದಿಯ ಕಾಲುದಾರಿಯಲ್ಲಿ ನೀರು ಬಿಟ್ಟು ಕೆಸರಾಗಿತ್ತು. ಹಳ್ಳದಲ್ಲಿ ಇಳಿಯುವಾಗ ನನ್ನ ಬೂಟು ಜಾರಿ ನಾನು ಕುಕ್ಕರಿಸಿ ಬಿದ್ದೆ. ಹೆಂಗಸರಿಬ್ಬರೂ ನಗಲಿಲ್ಲ, ನಗಲು ಅವರಿಗೆ ಪುರುಸೊತ್ತು ಇರಲಿಲ್ಲ. ದಿಬ್ಬದ ಅರ್ಧಕ್ಕೆ ನಾನು ಏದುಸಿರು ಬಿಡುತ್ತ ನಿಂತಾಗ ದಖನಿಯವಳು ಡಬ್ಬಿ ಬಗಲು ಬದಲಿಸಿಕೊಂಡು, “ಪಾಂಚ್ ಮಿನಟ್ ಬೋಲ್ಯಾ ಸೋ ಕೌನ್ ಜೀ?” ಎಂದು, ಐದು ನಿಮಿಷ ಅಂದವನು ಯಾರು ಎಂದು, ಗೊಣಗಿದಳು.

“ಹೌದ್ರಿ ಸಾಹೇಬ್ರ,” ಎಂದಳು ಅಕ್ಕ. “ಶೆಡ್ಡಿನ ಹಲಗಿ ಮ್ಯಾಲೂ ಬರದಾರ, ಐದು ನಿಮಿಷ ಅಂತ. ಅದನ್ನ ಬರದವನ ಕಾಲು ಒಮ್ಮೆ ನೋಡಬೇಕಾಗ್ಯದ ನನಗ.”

ಕೆಸರಾದ ನನ್ನ ಕಾಲುಗಳು ಅವಳ ಮುಂದೆಯೇ ಇದ್ದವು. ಶೆಡ್ಡಿನ ಬಾಗಿಲು ಮುಟ್ಟಿದಾಗ ನಲವತ್ತೆರಡು ನಿಮಿಷವಾಗಿತ್ತು. ಒಂದು ತಾಸು ರೊಟ್ಟಿ ಬಡಿದು, ಬಿಸಿ ಆರುವ ಮೊದಲೇ ಬುಟ್ಟಿಗೆ ತುಂಬಿ, ಅಷ್ಟೇ ದಾರಿ ಓಡುತ್ತ ಹೋದರೆ ಏಳರ ಬಸ್ಸು ಸಿಕ್ಕರೂ ಸಿಕ್ಕೀತು. ಚಿಕ್ಕ ಮಕ್ಕಳಿದ್ದವರು, ಮೊಣಕಾಲು ನೋವಿನವರು ಯಾಕೆ ಬಿಟ್ಟರೆಂದು ಹೇಳಲು ಯಾವ ಕಂಪ್ಯೂಟರೂ ಬೇಕಿರಲಿಲ್ಲ.

“ಅಕ್ಕಾ, ನಾ ಫೋನ್ ಮಾಡಿದಾಗ ಇಲ್ಲೇ ಅದ ಅಂತ ಯಾಕ ಹೇಳಿದ್ರಿ?” ಎಂದು ಕೇಳಿದೆ.

ಆಕೆ ಹಿಟ್ಟು ನಾದುತ್ತಲೇ ಹೇಳಿದಳು: “ದೂರ ಅದ ಅಂದಿದ್ರ ನೀವು ಬ್ಯಾರೆ ಊರಿಗೆ ಕೊಟ್ಟುಬಿಡತಿದ್ರಿ. ನಡದರಾಯ್ತು ಅನಕೊಂಡೆ. ಕಾಲು ನಂದೇ ಅವಲ್ರಿ.”

ನನಗೆ ಅಳು ಬಂತು. ನಲವತ್ತೆರಡು ನಿಮಿಷವನ್ನು ನುಂಗಿಕೊಂಡು ಆಕೆ ಈ ಸೂರನ್ನು ಕೊಂಡಿದ್ದಳು. ನಾನು ಬಿಸಿಲಿಗೆ ಹೆದರಿ ಫೋನಿನಲ್ಲಿ ಕೆಲಸ ಮುಗಿಸಿದ್ದೆ.

ಕಲಬುರಗಿಗೆ ಮರಳಿದ ದಿನವೇ ಪಟ್ಟಿ ತೆರೆದು 5.0 ಅಳಿಸಿ 42 ಎಂದು ಒತ್ತಿದೆ. ಚೌಕ ಕೆಂಪಾಯಿತು. ‘ಅಸಹಜ ಅಂಕಿ, ತಿರಸ್ಕರಿಸಲಾಗಿದೆ’ ಎಂದು ಬಂತು. ಸುತ್ತಲಿನ ಎಲ್ಲ ಜಾಗಗಳೂ ಐದೈದು ನಿಮಿಷದಲ್ಲಿರುವಾಗ ಇದೊಂದೇ ನಲವತ್ತೆರಡು ಆಗುವುದು ಲೆಕ್ಕಶಾಸ್ತ್ರಕ್ಕೆ ವಿರುದ್ಧವಂತೆ. ಆ ನಿಯಮ ಬರೆದವನೂ ನಾನೇ, ಅದಕ್ಕಾಗಿ ಶಾಲು ಹೊದಿಸಿಕೊಂಡಿದ್ದೆ. ಹತ್ತು ಸಲ ಒತ್ತಿದೆ, ಹತ್ತು ಸಲವೂ ನನ್ನ ಸುಳ್ಳುಗಳೆಲ್ಲ ಒಂದಾಗಿ ನಿಜವನ್ನು ಹೊರಗೆ ಹಾಕಿದವು. ಕೊನೆಗೆ ನಿರ್ದೇಶಕರ ಕೋಣೆಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಿದೆ.

ಅವರು ಕನ್ನಡಕ ತೆಗೆದಿಟ್ಟರು. “ಈ ಐದು ಸುಳ್ಳಂದ್ರ ಉಳಿದ ಐದುಗಳೆಲ್ಲ ಏನ್ರಿ?”

“ಅವೂ ಸುಳ್ಳರೀ, ಸರ್.”

“ಅಂದ್ರ ನಾವು ಕಟ್ಟಿದ ಶೆಡ್ಡುಗಳೆಲ್ಲ?”

ನಿರ್ದೇಶಕರು ಕೆಟ್ಟವರಲ್ಲ. ಫ್ಯಾನು ನೋಡುತ್ತ, ದಾರಿ ಒಂದೇ ಎಂದರು. ಆ ಕರಪತ್ರ ಬರೆದವನು ನಾನೇ, ಜಾಗ ನೋಡದೆ ಸಹಿ ಹಾಕಿದವನೂ ನಾನೇ ಎಂದು ಬರೆದು ಕೊಡಬೇಕು. ಕೊಟ್ಟರೆ ಒಲೆಗಳನ್ನು ಗೋದಾಮಿಗೆ ಸಾಗಿಸಲು ಮೇಲಿನವರನ್ನು ಒಪ್ಪಿಸಬಹುದು. ನನ್ನ ಕೆಲಸ ಉಳಿಯುತ್ತದೆಂದು ಹೇಳಲಾರೆ ಎಂದೂ ಸೇರಿಸಿದರು. ಮೂರು ತಿಂಗಳು ತುಂಬಲು ಇನ್ನು ಒಂದು ವಾರವಿತ್ತು.

ಒಂದೇ ಸಲ ಕೂತು ಇಡೀ ಲೇಔಟ್ ಮಾರುವಂಥ ಕರಪತ್ರ ಬರೆಯುತ್ತಿದ್ದ ಕೈ ಇದು. ಆ ಅರ್ಧ ಪುಟಕ್ಕೆ ಎಂಟು ದಿನ ತೆಗೆದುಕೊಂಡೆ. ಮೊದಲ ದಿನ ‘ತಪ್ಪಾಗಿದೆ’ ಎಂದು ಬರೆದು, ಮರುದಿನ ಅದನ್ನು ‘ವ್ಯತ್ಯಾಸವಾಗಿದೆ’ ಎಂದು ತಿದ್ದಿದೆ. ಮೂರನೆಯ ದಿನ ‘ಆಗಿನ ಪದ್ಧತಿಯಂತೆ’ ಎಂಬ ಮಾತು ಸೇರಿಸಿದೆ. ಮನೆಗೆ ಯಾರೋ ಬಂದರು, ಒಂದು ದಿನ ಹೋಯಿತು. ಮಗಳ ಶಾಲೆಯ ಕಾರ್ಯಕ್ರಮ, ಇನ್ನೊಂದು ದಿನ. ನಾನು ಹೆದರಿದ್ದೆ, ಅಷ್ಟೇ. ಸಂಬಳ ಹೋದೀತು, ಮದುವೆಮನೆಯಲ್ಲಿ ಕುರ್ಚಿ ಹೋದೀತು ಎಂದು ಹೆದರಿದ್ದೆ. ಎಂಟನೆಯ ದಿನ ಸಹಿ ಮಾಡಿ ನಿರ್ದೇಶಕರ ಮೇಜಿನ ಮೇಲಿಟ್ಟು, ಅಕ್ಕನಿಗೂ ತೋರಿಸೋಣವೆಂದು ಒಂದು ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು ಕಮಲಾಪುರಕ್ಕೆ ಹೋದೆ.

ಶೆಡ್ಡಿನ ಮುಂದೆ ಲಾರಿ ನಿಂತಿತ್ತು. ಅವಧಿ ಹಿಂದಿನ ದಿನವೇ ಮುಗಿದು, ಕಂಪ್ಯೂಟರು ಯಾರನ್ನೂ ಕೇಳದೆ ತಾನೇ ಆದೇಶ ಹೊರಡಿಸಿತ್ತು. ಈ ಚುರುಕುತನವನ್ನು ಅದಕ್ಕೆ ಕಲಿಸಿದ್ದು ಸಹ ನಾನೇ. ಒಲೆಗಳನ್ನು ಒಂದೊಂದಾಗಿ ಲಾರಿಗೆ ಏರಿಸುತ್ತಿದ್ದರು. ನಾನು ನಿರ್ದೇಶಕರಿಗೆ ಫೋನ್ ಹಚ್ಚಿದೆ. “ಒಂದು ದಿನ ಮೊದಲು ಕೊಟ್ಟಿದ್ರ ಆಗತಿತ್ತಲ್ರಿ,” ಎಂದರು ಅವರು, ಬೈಯಲೂ ಇಲ್ಲ. ಕಾರಣದ ಚೌಕದಲ್ಲಿ ‘ಫಲಾನುಭವಿಗಳ ನಿರಾಸಕ್ತಿ’ ಎಂದು ಆಗಲೇ ದಾಖಲಾಗಿದೆ ಎಂದು ತಿಳಿಸಿದರು.

ಅಕ್ಕ ಶೆಡ್ಡಿನ ಕಟ್ಟೆಯ ಮೇಲೆ ಕೂತಿದ್ದಳು. ನಾನು ಪಕ್ಕಕ್ಕೆ ಹೋಗಿ ನಿಂತು, ಆ ಐದು ನಿಮಿಷ ಬರೆದವನು ನಾನೇ ಎಂದು ಹೇಳಿದೆ. ಪತ್ರ ತೆಗೆಯಲಿಲ್ಲ, ಬಾಯಿಂದಲೇ ಹೇಳಿದೆ. ಆಕೆ ನನ್ನ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

“ರೋಜಾದಾಗ ಒಂದು ಹೋಟೆಲ್‌ನ್ಯಾಗ ರೊಟ್ಟಿ ಬಡಿಯಾಕ ಬಾ ಅಂದಾರ,” ಎಂದಳು. “ನಾಳಿಂದ ಹೋಗಬೇಕು. ಎಂಟಕ್ಕ ತಗೀತಾರಂತ. ಬಸ್ ಇಳದಲ್ಲಿಂದ ನಡಕೋತ ಹೋದ್ರ ಎಷ್ಟು ದೂರ ಅದರೀ?”

ಅದು ನಾನು ಬೆಳೆದ ಊರು. ಆ ದಾರಿಯ ಒಂದೊಂದು ತಿರುವೂ ಗೊತ್ತು. ಕಣ್ಣು ಮುಚ್ಚಿ, ಹೆಂಗಸಿನ ನಡಿಗೆಯಲ್ಲಿ ಲೆಕ್ಕ ಹಾಕಿ, “ಮುಕ್ಕಾಲು ತಾಸು ಅಕ್ಕಾ. ಆರರ ಬಸ್ಸಿಗೆ ಬಂದ್ರ ಸಾಕು” ಎಂದೆ. ದಾರಿಯ ವಿಷಯದಲ್ಲಿ ನನ್ನ ಬಾಯಿಂದ ಇಷ್ಟು ಸರಿಯಾದ ಮಾತು ಎಂದೂ ಬಂದಿರಲಿಲ್ಲ.

ಆಕೆ ಹೂಂ ಎಂದಳು. ಸೆರಗು ಕೊಡವಿಕೊಂಡು ಎದ್ದು ಹಿಟ್ಟಿನ ಖಾಲಿ ಚೀಲ ಮಡಚತೊಡಗಿದಳು.

ಮರುದಿನ ಬೆಳಿಗ್ಗೆ ನಿದ್ದೆ ಬರದೆ ನಾನು ಏಳರ ಮೊದಲೇ ರೋಜಾ ಕಡೆಗೆ ಹೋದೆ. ಹೋಟೆಲ್ಲಿನ ಶಟರು ಇನ್ನೂ ಕೆಳಗಿತ್ತು. ಅಕ್ಕ ಮೆಟ್ಟಿಲ ಮೇಲೆ, ತಲೆಯ ಮೇಲೆ ಸೆರಗು ಹೊದ್ದು, ಗೋಡೆಗೆ ಒರಗಿ ಕೂತಿದ್ದಳು. ಯಾವ ಬಸ್ಸಿಗೆ ಬಂದಿರಿ ಎಂದು ಕೇಳಿದೆ.

“ಐದರದ್ದಕ್ಕ,” ಎಂದಳು. “ಮುಕ್ಕಾಲು ತಾಸು ಅಂತ ನೀವು ಹೇಳಿದ್ರಲ್ರಿ. ಎರಡು ತಾಸು ಇರಬಹುದು ಅನಕೊಂಡು ಮೊದಲೇ ಹೊಂಟೆ.”